ಟೈಡ್ ಗ್ರಾಫ್ ವಾಚು: ಅಳಿವೆಯಲ್ಲಿ ಗಾಳ ಹಾಕುವವರಿಗೆ ಎಷ್ಟು ಉಪಯೋಗ?

ರಾತ್ರಿ ಬಸ್ಸು ಹಿಡಿದು ಹೊನ್ನಾವರಕ್ಕೋ ಗಂಗೊಳ್ಳಿಗೋ ಗಾಳ ಹಾಕಲು ಹೋಗುವ ಬೆಂಗಳೂರಿಗರು ಮೊದಲು ಬಿಡಬೇಕಾದದ್ದು ಕೆರೆಯ ಅಭ್ಯಾಸ. ಕೆರೆ ಮೀನಿಗೆ ಬೆಳಗು-ಬೈಗು ನೋಡಿಕೊಂಡರೆ ಸಾಕು. ಅಳಿವೆಯಲ್ಲಿ ಗಂಟೆ ಆರಾದರೂ ಒಂದೇ, ಹನ್ನೊಂದಾದರೂ ಒಂದೇ. ನೀರು ಹರಿಯುತ್ತಿದ್ದರೆ ಮೀನು ಕಚ್ಚುತ್ತದೆ, ನಿಂತರೆ ಅದೂ ನಿಲ್ಲುತ್ತದೆ. ಭರತ-ಇಳಿತವನ್ನು, ಅಂದರೆ ಕಡಲ ನೀರು ಏರಿ ಇಳಿಯುವುದನ್ನು, ಮಣಿಕಟ್ಟಿನಲ್ಲೇ ತೋರಿಸುವ ಟೈಡ್ ಗ್ರಾಫ್ ವಾಚುಗಳು ಈ ಕೆಲಸಕ್ಕೆ ಬರುತ್ತವೆ. ಆದರೆ ಪೆಟ್ಟಿಗೆಯಿಂದ ತೆಗೆದು ಹಾಗೇ ಕಟ್ಟಿಕೊಂಡರೆ ಬರುವುದಿಲ್ಲ.

ಇದರೊಳಗೆ ನೀರಿನ ಮಟ್ಟ ಅಳೆಯುವ ಸೆನ್ಸರ್ ಏನೂ ಇಲ್ಲ. ಚಂದ್ರ ನೆತ್ತಿ ದಾಟಿದ ಎಷ್ಟು ಹೊತ್ತಿಗೆ ಭರತ ಬರುತ್ತದೆ ಎಂಬ ಅಂಕಿಯನ್ನು ನಾವು ತುಂಬಬೇಕು, ಮಿಕ್ಕದ್ದನ್ನು ಅದು ಪಂಚಾಂಗದ ಹಾಗೆ ಎಣಿಸಿಕೊಂಡು ಹೋಗುತ್ತದೆ: ಒಂದು ಭರತದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ, ಅಂದರೆ ದಿನಕ್ಕೆ ಸುಮಾರು 50 ನಿಮಿಷ ತಡ.

ಅಂಕಿ ತೆಗೆಯುವುದು ಕಷ್ಟವಲ್ಲ. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಹೊರತರುವ ಟೈಡ್ ಟೇಬಲ್‌ನಲ್ಲಿ ನೀವು ಹೋಗುವ ಜಾಗಕ್ಕೆ ಹತ್ತಿರದ ಬಂದರನ್ನು ನೋಡಿ. ಅಮಾವಾಸ್ಯೆಯಂದು ನಮ್ಮ ಕರಾವಳಿಯಲ್ಲಿ ಚಂದ್ರ ನೆತ್ತಿಗೆ ಬರುವುದು ಹೆಚ್ಚುಕಡಿಮೆ ಮಧ್ಯಾಹ್ನ 12.30ಕ್ಕೆ. ಅಲ್ಲಿಂದ ಮುಂದಿನ ಭರತದವರೆಗೆ ಎಷ್ಟು ಗಂಟೆ, ಎಷ್ಟು ನಿಮಿಷವೋ ಅದೇ ತುಂಬಬೇಕಾದ ಅಂಕಿ. ಎರಡು-ಮೂರು ಅಮಾವಾಸ್ಯೆಗಳ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು. ವಾಚಿನೊಳಗಿನ ಊರುಗಳ ಪಟ್ಟಿಯಲ್ಲಿ ಭಾರತಕ್ಕೆ ದೆಹಲಿ ಮಾತ್ರ ಇದ್ದರೆ ಚಿಂತೆ ಬೇಡ, ರೇಖಾಂಶದ ವ್ಯತ್ಯಾಸದಿಂದ ಆಗುವ ತಪ್ಪು ಸುಮಾರು ಹತ್ತು ನಿಮಿಷ.

ದೊಡ್ಡ ತಪ್ಪು ಆಗುವುದು ಫೋನಿನ ಆ್ಯಪ್ ನೋಡಿ ಅಂಕಿ ತುಂಬಿದಾಗ. ಬೆಂಗಳೂರಿನಿಂದ ನೇರ ಗೆರೆ ಎಳೆದರೆ ಚೆನ್ನೈ, ಮಂಗಳೂರು ಎರಡೂ ಸುಮಾರು 300 ಕಿ.ಮೀ. ಮನೆಯಲ್ಲೇ ಕೂತು ಲೊಕೇಶನ್ ಆನ್ ಮಾಡಿದರೆ ಆ್ಯಪ್ ಚೆನ್ನೈಯನ್ನೇ ಹತ್ತಿರದ ಬಂದರೆಂದು ಹಿಡಿಯಬಹುದು. ಬಂಗಾಳ ಕೊಲ್ಲಿಯ ಲೆಕ್ಕ ಅರಬ್ಬಿ ಸಮುದ್ರಕ್ಕೆ ಹೊಂದುವುದಿಲ್ಲ. ಬಂದರಿನ ಹೆಸರು ಓದಿಯೇ ಮುಂದುವರಿಯಿರಿ.

ಸರಿಯಾಗಿ ತುಂಬಿದ ಮೇಲೂ ಉಳಿಯುವ ಕೊರತೆಗಳಿವೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳು ಸಮ ಇರುವುದಿಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಗ್ರಾಫ್ ಎರಡನ್ನೂ ಒಂದೇ ಎತ್ತರಕ್ಕೆ ಬರೆಯುತ್ತದೆ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಏರಿಳಿತವೇ ಒಂದೂವರೆ ಮೀಟರ್ ಆಸುಪಾಸು. ಇಷ್ಟು ಸಣ್ಣ ಏರಿಳಿತವನ್ನು ಜೋರು ಗಾಳಿಯೇ ಹಿಂದೆಮುಂದೆ ಮಾಡಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ, ವಾಚು ಹೇಳುವುದು ಕಡಲ ಅಂಚಿನ ಮಟ್ಟ, ನಮಗೆ ಬೇಕಿರುವುದು ನದಿಯೊಳಗಿನ ಹರಿವು. ಅಳಿವೆಯಿಂದ ಒಳಕ್ಕೆ ಹೋದಷ್ಟೂ ಭರತ ತಡ. ಎಷ್ಟು ತಡ ಎಂದು ತಿಳಿಯಲು ಸೇತುವೆಯ ಕಂಬ ಸಾಕು. ನೀರು ಇಳಿಯತೊಡಗಿದ ಕೂಡಲೇ ಚಿಪ್ಪು ಹತ್ತಿದ ಭಾಗದ ಮೇಲೆ ಬೆರಳಗಲದ ಹಸಿ ಪಟ್ಟಿ ಕಾಣುತ್ತದೆ. ಆಗಿನ ಸಮಯಕ್ಕೂ ವಾಚಿನ ಭರತಕ್ಕೂ ಇರುವ ಅಂತರ ಬರೆದಿಟ್ಟುಕೊಳ್ಳಿ. ಜೊತೆಗೆ ಒಂದು ಒಣ ಎಲೆ ತೇಲಿಬಿಡಿ. ಮಟ್ಟ ಇಳಿಯುತ್ತಿದ್ದರೂ ಎಲೆ ಇನ್ನೂ ಒಳಕ್ಕೇ ಹೋಗುತ್ತಿರುವುದುಂಟು. ಗಾಳಕ್ಕೆ ಎಲೆಯ ಮಾತೇ ಕೊನೆ.

ಒಮ್ಮೆ ಈ ಅಂತರ ಸಿಕ್ಕಿತೆಂದರೆ ವಾಚಿನ ಬೆಲೆ ಗೊತ್ತಾಗುತ್ತದೆ. ಇಳಿತದಲ್ಲಿ ಇಳಿಯುವ ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಪಾಲು ಇಳಿಯುತ್ತದೆ. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು. ನಿಂತ ನೀರಿಗೆ 20 ಗ್ರಾಂ ಸೀಸ ಸಾಕಾದರೆ ಆಗ 60 ಗ್ರಾಂ ಹಾಕಿದರೂ ಉರುಳಬಹುದು, ದಾರಕ್ಕೆ ಕಾಂಡ್ಲಾ (ಮಾಂಗ್ರೋವ್) ಎಲೆ ಸುತ್ತಿಕೊಂಡು ಜಗ್ಗುತ್ತದೆ. ಹರಿವು ತಗ್ಗುವ ಕೊನೆಯ ಎರಡು ಗಂಟೆ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ತೋಡುಗಳ ಬಾಯಿಗೆ ಹೋಗಿ. ಸೀಗಡಿ, ಮರಿಮೀನು ನೀರಿನೊಂದಿಗೆ ಹೊರಬರಲೇಬೇಕು. ಮಾಂಗ್ರೋವ್ ಜ್ಯಾಕ್ ಮೀನು ಅಲ್ಲೇ ಕಾಯುತ್ತಿರುತ್ತದೆ. ಕಾಣೆ ಮೀನಿಗಾದರೆ ಭರತ ಶುರುವಾಗುವಾಗ ಮರಳಿನ ಅಂಚು. ಅಷ್ಟಮಿಯ ಆಸುಪಾಸು ಹರಿವು ಸಣ್ಣದು, ನೀರು ತಿಳಿ, ಆಗ ಕೃತಕ ಆಮಿಷ ಎಸೆಯಲು ಚೆನ್ನ.

ಕೊಳ್ಳುವಾಗ 100 ಮೀಟರ್ ನೀರು ತಡೆಯುವಂಥದ್ದು, ರೆಸಿನ್ ಪಟ್ಟಿಯದ್ದು ನೋಡಿ. ನೀರೊಳಗೆ ಬಟನ್ ಒತ್ತಬೇಡಿ, ವಾಪಸ್ ಬಂದ ಕೂಡಲೇ ಸಿಹಿನೀರಲ್ಲಿ ತೊಳೆಯಿರಿ. ವರ್ಷಕ್ಕೆ ಎರಡೇ ಸಲ ಹೋಗುವವರಿಗೆ ಇದು ಬೇಡ, ಟೈಡ್ ಟೇಬಲ್‌ನ ಒಂದು ಪ್ರಿಂಟ್ ಸಾಕು. ತಿಂಗಳಿಗೊಮ್ಮೆ ಹೋಗಿ, ಸಿಗ್ನಲ್ ಸಿಗದ ಹಿನ್ನೀರಿನಲ್ಲಿ ದೋಣಿ ಬಿಡುವವರು ಧಾರಾಳವಾಗಿ ಕೊಳ್ಳಬಹುದು. ಮಳೆಗಾಲದಲ್ಲಿ ಮಾತ್ರ ಗ್ರಾಫನ್ನು ಮರೆತುಬಿಡಿ. ಘಟ್ಟದ ನೀರು ಬಂದು ಸೇರಿದಾಗ ಇಳಿತ ಉದ್ದವಾಗುತ್ತದೆ, ಭರತ ಮೊಟಕಾಗುತ್ತದೆ, ಆಗ ಕಂಬ ಮತ್ತು ಎಲೆಯೇ ಗತಿ.