ಕಾರ್ಖಾನೆ ಸವೆಯದಿದ್ದರೆ ಪೇಟೆ ಬಾಳುವುದಿಲ್ಲ: ಒಂದು ವ್ಯಾಪಾರದ ಆಟದ ವಿಮರ್ಶೆ

ಬ್ರೌಸರ್‌ನಲ್ಲೇ ನಡೆಯುವ ಈ ವ್ಯಾಪಾರದ ಆಟವನ್ನು ಹಲವು ವರ್ಷಗಳಿಂದ ಬಿಡದೆ ಆಡುತ್ತಿದ್ದೇನೆ. ಕಾಡು, ಗಣಿ, ಕಾರ್ಖಾನೆ, ಅಂಗಡಿ ಎಲ್ಲವೂ ಆಟಗಾರರ ಕೈಯಲ್ಲಿ. ಸಗಟು ಪೇಟೆಯ ಬೆಲೆಯೂ ಅವರದೇ. ಲೆಕ್ಕಪತ್ರದ ಪುಟ ಅಚ್ಚುಕಟ್ಟಾಗಿದೆ, ಸರ್ವರ್ ಕೈಕೊಡುವುದು ಅಪರೂಪ. ನನ್ನ ತಕರಾರೆಲ್ಲ ಆಟದ ಅರ್ಥವ್ಯವಸ್ಥೆಯ ಮೇಲೆ.

ಕುರ್ಚಿಯ ಲೆಕ್ಕವನ್ನೇ ನೋಡಿ. ಹೊಸಬನೊಬ್ಬ ಕುರ್ಚಿ ಮಾಡಲು ಹೊರಟರೆ ಮರಕ್ಕೆ 40 ನಾಣ್ಯ, ಕೂಲಿಗೆ 25, ಸಾಗಣೆಗೆ 5, ಅಸಲೇ 70. ಪೇಟೆಯಲ್ಲಿ ಸಿದ್ಧ ಕುರ್ಚಿ 62ಕ್ಕೆ ಸಿಗುತ್ತದೆ. ಹಳೆಯ ಆಟಗಾರರ ಕಾರ್ಖಾನೆಗಳು ಮೇಲಿನ ಹಂತಕ್ಕೆ ಏರಿರುವುದರಿಂದ ಅವರಿಗೆ ಕೂಲಿ 10 ಮಾತ್ರ ತಗಲುತ್ತದೆ. 55ಕ್ಕೆ ತಯಾರಿಸಿ 62ಕ್ಕೆ ಮಾರಿದರೂ ಅವರಿಗೆ ಲಾಭವೇ. (ಸ್ವಂತ ಕಾಡಿನ ಮರವನ್ನು ಪುಕ್ಕಟೆ ಎಂದು ಲೆಕ್ಕ ಹಾಕಿ ಇನ್ನೂ ಕಡಿಮೆಗೆ ಮಾರುವವರೂ ಇದ್ದಾರೆ. ಆ ಮರವನ್ನೇ ಮಾರಿದ್ದರೆ 40 ಬರುತ್ತಿತ್ತಲ್ಲ!)

ಮೊದಲು ಬಂದವರಿಗೆ ಅನುಕೂಲ ಇರಲಿ, ಅದು ನ್ಯಾಯವೇ. ಆದರೆ ಇಲ್ಲಿ ಆ ಅನುಕೂಲಕ್ಕೆ ಖರ್ಚೇ ಇಲ್ಲ. ಒಮ್ಮೆ ಹಣ ಕಟ್ಟಿ ಏರಿಸಿದ ಕಾರ್ಖಾನೆ ಎಂದೂ ಸವೆಯುವುದಿಲ್ಲ, ದುರಸ್ತಿ ಕೇಳುವುದಿಲ್ಲ. ಹಾಗಾಗಿ ಉತ್ಪಾದನೆ ಏರುತ್ತಲೇ ಹೋಗುತ್ತದೆ. ಅಂಗಡಿಗೆ ಬರುವ ಗಿರಾಕಿಗಳನ್ನು ಒದಗಿಸುವುದು ಆಟದ ಸೂತ್ರ, ಆ ಬೇಡಿಕೆಗೆ ಮಿತಿಯಿದೆ. ಅವರು ಕೊಡುವ ಪ್ರತಿಯೊಂದು ನಾಣ್ಯವೂ ಹೊಸದಾಗಿ ಹುಟ್ಟಿದ್ದು. ನಲ್ಲಿ ಸದಾ ತೆರೆದಿದೆ, ತೊಟ್ಟಿಗೆ ಹೊರಗಿಂಡಿ ಮಾತ್ರ ಕಿರಿದು. ಕೂಡಿಬಿದ್ದ ಹಣವೆಲ್ಲ ಸಂಖ್ಯೆ ಸೀಮಿತವಾದ ಗಣಿ ನಿವೇಶನಗಳ ಮೇಲೆ ಸುರಿಯುತ್ತದೆ. ಸರಕಿನ ಬೆಲೆ ಕುಸಿಯುತ್ತಿದ್ದರೂ ನಿವೇಶನದ ಬೆಲೆ ಗಗನಕ್ಕೇರಿರುವುದು ಇದರಿಂದಲೇ.

ನಿರ್ಮಾಪಕರು ಕಂಡುಕೊಂಡ ಪರಿಹಾರ, ಹೊಸಬರ ಆರಂಭಿಕ ಧನವನ್ನು ದುಪ್ಪಟ್ಟು ಮಾಡಿದ್ದು. ಉದ್ದೇಶ ಒಳ್ಳೆಯದೇ. ಆದರೆ ಆ ಹಣ ಗಣಿ ನಿವೇಶನದ ಬಾಡಿಗೆಯ ರೂಪದಲ್ಲಿ ನೇರವಾಗಿ ಗಣಿ ಒಡೆಯರ ಖಜಾನೆ ಸೇರಿತು. ಬಾಡಿಗೆ ಇನ್ನಷ್ಟು ಏರಿತು.

ಇದು ಬಗೆಹರಿಯದ ಸಮಸ್ಯೆಯೇನಲ್ಲ. 2003ರಲ್ಲಿ ಆರಂಭವಾದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದಲ್ಲಿ, ಕದನದಲ್ಲಿ ನಾಶವಾದ ನೌಕೆ ಹೋದದ್ದೇ. ಅದರ ಜಾಗಕ್ಕೆ ಇನ್ನೊಂದು ಬೇಕು, ತಯಾರಕರಿಗೆ ಕೆಲಸ ತಪ್ಪುವುದಿಲ್ಲ. 2007ರಲ್ಲಿ ಅದನ್ನು ನಡೆಸುವ ಸಂಸ್ಥೆ ಆಟದ ಅರ್ಥವ್ಯವಸ್ಥೆಯನ್ನು ಗಮನಿಸಲೆಂದೇ ಅರ್ಥಶಾಸ್ತ್ರಜ್ಞರೊಬ್ಬರನ್ನು ನೇಮಿಸಿಕೊಂಡಿತು. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಇನ್ನೊಂದು ಆನ್‌ಲೈನ್ ಆಟ 2021ರ ಡಿಸೆಂಬರ್‌ನಲ್ಲಿ ತನ್ನ ಪೇಟೆಯ ಮಾರಾಟದ ಮೇಲೆ ಶೇ. 1 ತೆರಿಗೆ ಹಾಕಿ, ಅದರ ಒಂದು ಪಾಲಿನಿಂದ ವಸ್ತುಗಳನ್ನು ಕೊಂಡು ಆಟದಿಂದಲೇ ಅಳಿಸಿಹಾಕುವ ಏರ್ಪಾಡು ಮಾಡಿತು. ಹಣವೂ ಕರಗಿತು, ಸರಕೂ ಕರಗಿತು.

ಇಲ್ಲಿ ಬೇಕಿರುವುದೂ ಅದೇ ಬಗೆಯ ಧೈರ್ಯ. ಹಂತ ಏರಿದಷ್ಟೂ ದುರಸ್ತಿ ವೆಚ್ಚ ಏರಲಿ, ಬಳಸಿದಷ್ಟೂ ಯಂತ್ರ ಸವೆಯಲಿ. ಆಗ ಯಂತ್ರದ ಬಿಡಿಭಾಗ ತಯಾರಿಸುವುದೇ ಹೊಸಬರಿಗೊಂದು ಉದ್ಯೋಗವಾಗುತ್ತದೆ. ನನ್ನ ದೊಡ್ಡ ಕಾರ್ಖಾನೆಗಳಿಗೂ ಆ ಹೊರೆ ಬೀಳುತ್ತದೆ, ಬೀಳಲಿ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಆ ಮೂರೂ ಆಟಗಾರರ ನಡುವಿನ ನೇರ ಒಪ್ಪಂದಗಳಿಗೆ ಸಲ್ಲುತ್ತವೆ; ಅಂಥ ಚೌಕಾಸಿಯ ಸುಖ ಬೇರೆ ಆಟಗಳಲ್ಲಿ ನನಗೆ ಸಿಕ್ಕಿಲ್ಲ. ಈಗ ಸೇರುವವರು ಪೀಠೋಪಕರಣದ ಗೊಡವೆಗೆ ಹೋಗದೆ, ಯಾರಾದರೂ ಹಳಬರೊಡನೆ ಸಾಗಣೆಯ ಒಪ್ಪಂದ ಮಾಡಿಕೊಂಡು ಆರಂಭಿಸುವುದು ಒಳಿತು.