ರಾಯಚೂರಿನ ಬಿಸಿಲಲ್ಲಿ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್770 ಬಳಸಿದ ಮೇಲೆ

ವೆಸ್ಟರ್ನ್ ಡಿಜಿಟಲ್‌ನ (ಡಬ್ಲ್ಯೂಡಿ) ಬ್ಲ್ಯಾಕ್ ಎಸ್‌ಎನ್770, 1 ಟಿಬಿಯ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಬದಲು ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್. 2023ರಲ್ಲಿ ಕೊಂಡದ್ದು, ಅವತ್ತಿನಿಂದ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ. ಕಂಪನಿ ಹೇಳುವ ಓದುವ ವೇಗ ಸೆಕೆಂಡಿಗೆ 5,150 ಎಂಬಿ. ನನ್ನಲ್ಲಿ ಅದು 3,500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಗೊತ್ತಿದ್ದೇ ಕೊಂಡೆ. ಇವತ್ತು ಕೊಳ್ಳಬೇಕಾದರೂ ಇದೇ ಲೆಕ್ಕ ಹಾಕುತ್ತೇನೆ. ಗೇಮ್ ಆಡುವವರಿಗೆ ಮೊದಲು ಬೇಕಾದದ್ದು ಜಾಗ. ಆಮೇಲೆ ಒಳಗಿನ ಚಿಪ್ ಯಾವ ಬಗೆಯದು ಅಂತ ನೋಡಬೇಕು. ವೇಗದ ಮಾತು ಅದಾದ ಮೇಲೆ.

ನನ್ನದು ರೈಜನ್ 5 5600ಎಚ್, ಆರ್‌ಟಿಎಕ್ಸ್ 3050 ಇರುವ ಲ್ಯಾಪ್‌ಟಾಪ್. ಡ್ರೈವ್ ಮತ್ತು ಪ್ರೊಸೆಸರ್ ನಡುವೆ ಡೇಟಾ ಓಡುವ ದಾರಿಗೆ ಪಿಸಿಐಇ ಅನ್ನುತ್ತಾರೆ. ಈ ಪ್ರೊಸೆಸರ್ ಅದರ ಮೂರನೇ ತಲೆಮಾರಿನವರೆಗೆ, ಅಂದರೆ ಜೆನ್ 3ರವರೆಗೆ ಮಾತ್ರ ಹೋಗುತ್ತದೆ. ಎಸ್‌ಎನ್770ಯಂಥ ಜೆನ್ 4 ಡ್ರೈವ್ ಹಾಕಿದರೂ ಚೆನ್ನಾಗಿಯೇ ನಡೆಯುತ್ತದೆ, ಆದರೆ ಜೆನ್ 3 ವೇಗದಲ್ಲಿ. ಇಂಟೆಲ್‌ನ ಐ5-10300ಎಚ್ ಇದ್ದರೂ ಇದೇ ಕಥೆ. 11400ಎಚ್‌ನಿಂದ ಜೆನ್ 4 ಸಿಗುತ್ತದೆ, ಆದರೂ ಡ್ರೈವ್ ಕೂರಿಸುವ ಎರಡನೇ ಸ್ಲಾಟ್ ಜೆನ್ 3 ಆಗಿರಬಹುದು. ಹಾಗಾಗಿ ಅಂಗಡಿಯಲ್ಲಿ "ಇನ್ನೆರಡು ಸಾವಿರ ಹಾಕಿ, 7,000 ಸ್ಪೀಡಿಂದು ತಗೊಳ್ಳಿ" ಅಂದರೆ ಒಪ್ಪುವ ಮೊದಲು ನಿಮ್ಮ ಪ್ರೊಸೆಸರ್ ಯಾವುದು ಅಂತ ನೋಡಿ. ಜೆನ್ 3 ಲ್ಯಾಪ್‌ಟಾಪ್‌ನಲ್ಲಿ ಆ ಎರಡು ಸಾವಿರಕ್ಕೆ ಏನೂ ಸಿಗುವುದಿಲ್ಲ.

ಹಾಗಾದರೆ ನಾನ್ಯಾಕೆ ಜೆನ್ 4 ಕೊಂಡೆ? ಆ ವರ್ಷ ಫ್ಲ್ಯಾಷ್ ಚಿಪ್‌ಗಳು ಮಾರುಕಟ್ಟೆಯಲ್ಲಿ ತುಂಬಿ ತುಳುಕುತ್ತಿದ್ದವು. ಎಲ್ಲಾ ಕಡೆ ಬೆಲೆ ಇಳಿದಿತ್ತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಇದರ ಬೆಲೆಗೂ ಒಳ್ಳೆಯ ಜೆನ್ 3 ಡ್ರೈವ್‌ಗಳ ಬೆಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಮುಂದೆ ಲ್ಯಾಪ್‌ಟಾಪ್ ಬದಲಿಸಿದರೆ ಇದನ್ನೇ ಬಿಚ್ಚಿ ಅದಕ್ಕೆ ಹಾಕಬಹುದು. ಅಷ್ಟೇ ಕಾರಣ.

ಜಾಗದ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಲ್ಯಾಪ್‌ಟಾಪ್ ಜೊತೆ ಬಂದದ್ದು 512 ಜಿಬಿ. ವಿಂಡೋಸ್ ಅದನ್ನು 476 ಅಂತ ತೋರಿಸುತ್ತದೆ. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 150 ಜಿಬಿ ಕೇಳುತ್ತದೆ. ಫೋರ್ಜಾ ಹೊರೈಜನ್ 5 ಅಂದರೆ 110. ಅದರ ಮೇಲೆ ವಿಂಡೋಸ್, ಆಫೀಸ್ ಫೈಲು, ಮನೆಯ ಫೋಟೋ. ಹೊಸ ಗೇಮ್ ಬೇಕಾದಾಗಲೆಲ್ಲ ಹಳೆಯದೊಂದನ್ನು ಅಳಿಸಬೇಕು, ಮನಸ್ಸಾದಾಗ ಮತ್ತೆ ರಾತ್ರಿಯಿಡೀ ಡೌನ್‌ಲೋಡ್‌ಗೆ ಬಿಡಬೇಕು. ನಡುವೆ ಕರೆಂಟ್ ಹೋಗಿ ರೂಟರ್ ಆಫ್ ಆದರೆ ಬೆಳಿಗ್ಗೆ ಎದ್ದು ನೋಡಿದಾಗ 40 ಪರ್ಸೆಂಟ್‌ನಲ್ಲೇ ನಿಂತಿರುತ್ತದೆ. ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ದೊಡ್ಡ ಗೇಮ್‌ಗಳು ಅಪ್‌ಡೇಟ್ ಆಗುವಾಗ, ಗೇಮ್ ಕೊಂಡು ಇಳಿಸಿಕೊಳ್ಳುವ ಆ್ಯಪ್ ಸ್ಟೀಮ್‌ಗೆ ಹೆಚ್ಚುವರಿ ಖಾಲಿ ಜಾಗ ಬೇಕು. ಡ್ರೈವ್ ಭರ್ತಿಯಾಗಿದ್ದರೆ ಅಪ್‌ಡೇಟ್ ನಿಂತುಬಿಡುತ್ತದೆ. ತುಂಬಿದ ಎಸ್‌ಎಸ್‌ಡಿ ಬರೆಯುವ ವೇಗವೂ ಇಳಿಯುತ್ತದೆ. ನಾನು ಈಗ 150 ಜಿಬಿಯಷ್ಟನ್ನು ಯಾವಾಗಲೂ ಖಾಲಿ ಬಿಡುತ್ತೇನೆ.

ಇನ್ನು ಚಿಪ್. ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಟಿಎಲ್‌ಸಿಯಲ್ಲಿ ಡೇಟಾ ಹಿಡಿದಿಡುವ ಒಂದೊಂದು ಸೆಲ್‌ಗೆ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ಕ್ಯೂಎಲ್‌ಸಿ ಅಗ್ಗ. ಬರೆಯುವಾಗ ಶುರುವಿನಲ್ಲಿ ವೇಗವಾಗಿಯೇ ಇರುತ್ತದೆ, ಯಾಕೆಂದರೆ ಅದರ ಒಂದು ಭಾಗ ವೇಗದ ತಾತ್ಕಾಲಿಕ ಜಾಗ, ಅಂದರೆ ಕ್ಯಾಶ್ ಆಗಿ ಕೆಲಸ ಮಾಡುತ್ತದೆ. ಆ ಕ್ಯಾಶ್ ಮುಗಿಯಿತೋ, ವೇಗ ದಡಾರನೆ ಬೀಳುತ್ತದೆ. ನೂರು ಜಿಬಿಯ ಗೇಮನ್ನು ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಸಾಗಿಸುವಾಗ ಇದು ಕಣ್ಣಿಗೆ ಹೊಡೆಯುತ್ತದೆ. ಬಾಳಿಕೆಯ ಭರವಸೆಯಲ್ಲೂ ವ್ಯತ್ಯಾಸ ಇದೆ. ಎಸ್‌ಎನ್770 ಟಿಎಲ್‌ಸಿ, 1 ಟಿಬಿ ಮಾದರಿಗೆ 600 ಟಿಬಿಯಷ್ಟು ಬರೆಯುವ ಭರವಸೆ, 5 ವರ್ಷ ವಾರಂಟಿ. ಕ್ಯೂಎಲ್‌ಸಿ ಇರುವ ಕ್ರೂಶಿಯಲ್ ಪಿ3 ಪ್ಲಸ್‌ನ 1 ಟಿಬಿಗೆ ಅದು 220. ಬರೀ ಗೇಮ್ ಇಡುವವರಿಗೆ 220 ಕೂಡ ಸಾಕು, ನಿಜ. ಆದರೆ ಬೆಲೆಯಲ್ಲಿ ಐನೂರು-ಆರುನೂರರ ಅಂತರ ಮಾತ್ರ ಇದ್ದರೆ ಟಿಎಲ್‌ಸಿಯನ್ನೇ ತಗೊಳ್ಳಿ.

ಎಸ್‌ಎನ್770ಗೆ ತನ್ನದೇ ಆದ ವೇಗದ ತಾತ್ಕಾಲಿಕ ಮೆಮೊರಿ, ಅಂದರೆ ಡಿರ್‍ಯಾಮ್ ಇಲ್ಲ. ಲ್ಯಾಪ್‌ಟಾಪ್‌ನ ರ್‍ಯಾಮ್‌ನಿಂದಲೇ ಒಂದು ಚೂರು ಬಳಸಿಕೊಳ್ಳುತ್ತದೆ. ಇದನ್ನು ದೊಡ್ಡ ಕೊರತೆ ಅಂತ ಹೇಳುವವರಿದ್ದಾರೆ. ಗೇಮ್ ಆಡುವಾಗ ನನಗೆ ಒಂದು ದಿನವೂ ಅದು ಗೊತ್ತಾಗಿಲ್ಲ. ದಿನವಿಡೀ ದೊಡ್ಡ ವಿಡಿಯೋ ಎಡಿಟ್ ಮಾಡುವವರು ಮಾತ್ರ ಡಿರ್‍ಯಾಮ್ ಇರುವ ಸ್ಯಾಮ್ಸಂಗ್ 970 ಇವೊ ಪ್ಲಸ್ ಥರದ್ದನ್ನು ನೋಡಲಿ.

ಜೋಡಿಸುವುದು ಕಷ್ಟವಲ್ಲ, ಆತುರ ಬೇಡ ಅಷ್ಟೇ. ಕೊಳ್ಳುವ ಮೊದಲೇ ಹಿಂದಿನ ಕವಚ ತೆಗೆದು ನೋಡಿ. ಈ ಬಗೆಯ ಡ್ರೈವ್ ಕೂರುವ ಎರಡನೇ ಎಂ.2 ಸ್ಲಾಟ್ ಇದೆಯೇ? 80 ಮಿ.ಮೀ. ಉದ್ದದ 2280 ಹಿಡಿಸುತ್ತದೆಯೇ, ಅಥವಾ 42 ಮಿ.ಮೀ.ನ ಗಿಡ್ಡನೆಯ 2242 ಮಾತ್ರವೇ? ಹಳೆಯ, ನಿಧಾನದ ಸಾಟಾ ಅಲ್ಲ, ಇಂಥ ವೇಗದ ಡ್ರೈವ್‌ಗೆ ಬೇಕಾದ ಎನ್‌ವಿಎಂಇ ಸ್ಲಾಟೇ ತಾನೆ? ಸ್ಕ್ರೂ ಬಿಚ್ಚುವಾಗ ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಗುರುತು ಹಾಕಿ ಇಡಿ, ಉದ್ದ ಬೇರೆ ಬೇರೆ ಇರುತ್ತದೆ. ಏನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಡ್ರೈವನ್ನು ಸ್ವಲ್ಪ ಓರೆಯಾಗಿ ಹಿಡಿದು ಒಳಗೆ ತಳ್ಳಿದರೆ ಹಿತವಾಗಿ ಕೂರುತ್ತದೆ. ಆಮೇಲೆ ತುದಿಯನ್ನು ಬೆರಳಿನಿಂದ ಒತ್ತಿ ಸ್ಕ್ರೂ ಹಾಕಬೇಕು. ಬಿಟ್ಟರೆ ಅದು ಮತ್ತೆ ಮೇಲೇಳುತ್ತದೆ, ಅದು ಸಹಜ. ಡ್ರೈವಿನ ಮೇಲಿನ ಸ್ಟಿಕ್ಕರ್ ಕೀಳಲು ಹೋಗಬೇಡಿ, ವಾರಂಟಿ ಹೋಗುತ್ತದೆ. ಬಿಸಿ ಹೊರಹಾಕುವ ದಪ್ಪ ಲೋಹದ ಹೀಟ್‌ಸಿಂಕ್ ಇರುವ ಮಾದರಿಗಳು ಡೆಸ್ಕ್‌ಟಾಪ್, ಪಿಎಸ್5ಗೆ ಸರಿ. ಅವನ್ನು ಹಾಕಿದರೆ ಲ್ಯಾಪ್‌ಟಾಪ್ ಮುಚ್ಚುವುದೇ ಇಲ್ಲ.

ನಾನು ಹಳೆಯ ಡ್ರೈವನ್ನು ಇದ್ದ ಹಾಗೇ ಹೊಸದಕ್ಕೆ ನಕಲಿಸುವ, ಅಂದರೆ ಕ್ಲೋನ್ ಮಾಡುವ ಗೋಜಿಗೆ ಹೋಗಲಿಲ್ಲ. ವಿಂಡೋಸ್ ಹಳೆಯ ಡ್ರೈವ್‌ನಲ್ಲೇ ಇದೆ, ಗೇಮ್‌ಗಳು ಹೊಸದರಲ್ಲಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಜಿಪಿಟಿ ಅನ್ನುವ ಆಯ್ಕೆ ಆರಿಸಿ ಫಾರ್ಮ್ಯಾಟ್ ಮಾಡಿದೆ. ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್‌ಗೆ ಹೋಗಿ ಡ್ರೈವ್ ಸೇರಿಸಿದರೆ ಗೇಮ್‌ಗಳನ್ನು ಅಲ್ಲಿಂದಲೇ ಸಾಗಿಸಬಹುದು, ಮತ್ತೆ ಡೌನ್‌ಲೋಡ್ ಬೇಡ. ಒಂದೇ ಸ್ಲಾಟ್ ಇದ್ದು ಕ್ಲೋನ್ ಮಾಡಲೇಬೇಕಾದವರು ಮೊದಲು ವಿಂಡೋಸ್ ಡ್ರೈವಿಗೆ ಹಾಕುವ ಬೀಗ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಹೊಸ ಎಸ್‌ಎಸ್‌ಡಿಯಿಂದ ಎಫ್‌ಪಿಎಸ್ (ಸೆಕೆಂಡಿಗೆ ಕಾಣುವ ಚಿತ್ರಗಳ ಸಂಖ್ಯೆ) ಜಾಸ್ತಿ ಆಗುತ್ತದೆ ಅಂತ ಕಾಯಬೇಡಿ. ಅದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಹಾರ್ಡ್ ಡಿಸ್ಕ್‌ನಿಂದ ಬರುವವರಿಗೆ ಲೋಡಿಂಗ್ ಕಾಯುವಿಕೆ ಗಣನೀಯವಾಗಿ ತಗ್ಗುತ್ತದೆ, ತೆರೆದ ಜಗತ್ತಿನ ಗೇಮ್‌ಗಳಲ್ಲಿ ತಡೆತಡೆದು ಓಡುವುದೂ ಕಡಿಮೆಯಾಗುತ್ತದೆ. ಆದರೆ ಜೆನ್ 3ಕ್ಕೂ ಜೆನ್ 4ಕ್ಕೂ ನಡುವೆ ಜಾಸ್ತಿ ಗೇಮ್‌ಗಳಲ್ಲಿ ಒಂದೆರಡು ಸೆಕೆಂಡಿನ ಮಾತು. ಫೈಲ್ ಓದಿದ ಮೇಲೆ ಅದನ್ನು ಬಿಚ್ಚಿ ಸಿದ್ಧ ಮಾಡುವುದು ಪ್ರೊಸೆಸರ್ ತಾನೆ. ಈ ಹೊರೆ ಇಳಿಸಲು ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಸ್ಟೋರೇಜ್ ಬಂದಿದೆ. 2023ರ ಜನವರಿಯಲ್ಲಿ ಫೋರ್‌ಸ್ಪೋಕನ್ ಅನ್ನುವ ಗೇಮ್ ಅದನ್ನು ಬಳಸಿತು. ಅದನ್ನು ಬಳಸುವ ಗೇಮ್‌ಗಳು ಇನ್ನೂ ಕಡಿಮೆಯೇ.

ನನ್ನ ದೊಡ್ಡ ಚಿಂತೆ ಇದ್ದದ್ದು ಬಿಸಿಯದು. ಏಪ್ರಿಲ್-ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನನ್ನ ಕೋಣೆಯಲ್ಲಿ ಎಸಿ ಇಲ್ಲ. ಸುಮ್ನೆ ಇದ್ದಾಗ ಡ್ರೈವ್ 50ರ ಹತ್ತಿರ ತೋರಿಸುತ್ತದೆ. ಗೇಮ್ ಆಡುವಾಗ 60ರ ಮೇಲೆ. ದೊಡ್ಡ ಗೇಮ್ ಕಾಪಿ ಮಾಡುವಾಗ 70 ಮುಟ್ಟಿದ್ದನ್ನೂ ನೋಡಿದ್ದೇನೆ. ವೇಗ ಕುಸಿದದ್ದಿಲ್ಲ. ಲ್ಯಾಪ್‌ಟಾಪ್ ಕೆಳಗೆ ಎರಡು ರಟ್ಟಿನ ತುಂಡು ಇಟ್ಟು ಹಿಂಭಾಗ ಎತ್ತರಿಸಿದರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಸ್ಲಾಟ್ ಮೇಲೆ ಕಂಪನಿಯವರೇ ಅಂಟಿಸಿದ ಥರ್ಮಲ್ ಪ್ಯಾಡ್ ಇದ್ದರೆ ಅದನ್ನು ಮರೆಯದೆ ಮತ್ತೆ ಕೂರಿಸಿ.

ಡ್ರೈವಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈಗ ಆರೋಗ್ಯ 96 ಪರ್ಸೆಂಟ್ ಅನ್ನುತ್ತದೆ. ಬರೆದದ್ದು 25 ಟಿಬಿ ಹತ್ತಿರ. 2024ರ ಕೊನೆಗೆ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಾಗ ಇದೇ ಎಸ್‌ಎನ್770ರ 2 ಟಿಬಿ ಮಾದರಿ ಇದ್ದ ಕೆಲವರಿಗೆ ಕ್ರ್ಯಾಶ್ ಆಗಿ ನೀಲಿ ಪರದೆ ಬಂತು. ಕಂಪನಿ ಹೊಸ ಫರ್ಮ್‌ವೇರ್ (ಡ್ರೈವಿನ ಒಳಗಿನ ಸಾಫ್ಟ್‌ವೇರ್) ಬಿಟ್ಟು ಅದನ್ನು ಸರಿಪಡಿಸಿತು. ನನ್ನ 1 ಟಿಬಿಗೆ ಏನೂ ಆಗಲಿಲ್ಲ. 2 ಟಿಬಿ ಕೊಳ್ಳುವವರು ಹಾಕಿದ ದಿನವೇ ಕಂಪನಿಯ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ತೆರೆದು ಫರ್ಮ್‌ವೇರ್ ನೋಡಿಬಿಡಿ.

2025ರ ಕೊನೆಯಿಂದ ಬೆಲೆ ಮತ್ತೆ ಏರಿದೆ. ಎಐ ಸರ್ವರ್‌ಗಳಿಗೆ ಚಿಪ್‌ಗಳು ಹೋಗುತ್ತಿರುವುದೂ ಒಂದು ಕಾರಣ. ಈ ಬೆಲೆಯಲ್ಲಿ ಜೆನ್ 3 ಲ್ಯಾಪ್‌ಟಾಪ್ ಇರುವವರು ಎಸ್‌ಎನ್770ಯನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಟಿಎಲ್‌ಸಿ ಇರುವ, 5 ವರ್ಷ ವಾರಂಟಿಯ ಯಾವುದೇ 1 ಟಿಬಿ ಕಡಿಮೆಗೆ ಸಿಕ್ಕರೆ ಅದನ್ನೇ ಹಾಕಿ. ಬಿಲ್ ಮಾತ್ರ ಕೇಳಿ ಪಡೆಯಿರಿ, ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ.