ಕರೆಂಟ್ ಮೋಟಾರ್, ಸೌರ ಪಂಪು, ಕೃಷಿ ಹೊಂಡ: ಚಳ್ಳಕೆರೆಯ ಆರು ಎಕರೆಯಲ್ಲಿ ಮೂರನ್ನೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಕೃಷಿ ಹೊಂಡದ ಕಡೆಗೆ. ಚಳ್ಳಕೆರೆ ತಾಲ್ಲೂಕಿನ ಮಸಾರಿ, ಅಂದರೆ ಮರಳುಗೂಡಿದ ಕೆಂಪು ಮಣ್ಣಿನ ನೆಲದಲ್ಲಿ ನಮಗಿರುವುದು ಆರು ಎಕರೆ. ನಾಲ್ಕು ಎಕರೆಯಲ್ಲಿ ಶೇಂಗಾ, ಉಳಿದದ್ದರಲ್ಲಿ ನವಣೆ, ಬೆಳೆಯ ನಡುನಡುವಿನ ಅಕ್ಕಡಿ ಸಾಲಿಗೆ ತೊಗರಿ ಹಾಕುತ್ತೇವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೆ ಅದು ಒಳ್ಳೆಯ ವರ್ಷ. ಈ ನೆಲಕ್ಕೆ ನೀರುಣಿಸಲು ಹದಿಮೂರು ವರ್ಷಗಳಲ್ಲಿ ನಾನು ಮೂರು ದಾರಿಗಳನ್ನು ಹಿಡಿದಿದ್ದೇನೆ: ಕೊಳವೆಬಾವಿಗೆ ಕರೆಂಟ್ ಮೋಟಾರ್, ಅದೇ ಬಾವಿಗೆ ಸೌರ ಪಂಪು, ಕೊನೆಗೆ ಪ್ಲಾಸ್ಟಿಕ್ ಹೊದಿಕೆಯ ಕೃಷಿ ಹೊಂಡ.

ಇವುಗಳನ್ನು ಹೋಲಿಸುವಾಗ ಯಾವ ವರ್ಷವನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ ಎಂಬುದು ಮುಖ್ಯ. 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಅಂಥ ವರ್ಷದಲ್ಲಿ ಯಾವ ವ್ಯವಸ್ಥೆಯೂ ಸೋಲುವುದಿಲ್ಲವಾದ್ದರಿಂದ ಆ ಅನುಭವದಿಂದ ಏನನ್ನೂ ತೀರ್ಮಾನಿಸಲಾಗದು. ಮರುವರ್ಷವೇ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ನನ್ನ ಲೆಕ್ಕವೆಲ್ಲ ಆ 2023ರದ್ದು.

ಕರೆಂಟ್ ಮೋಟಾರಿನ ವಿಷಯದಲ್ಲಿ ಹೇಳುವುದು ಕಡಿಮೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾದ್ದರಿಂದ ಬಿಲ್ಲಿನ ಚಿಂತೆ ಇಲ್ಲ; ಆದರೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದರಲ್ಲಿ ಒಂದಷ್ಟು ರಾತ್ರಿಯ ಪಾಳಿ. ನಡುರಾತ್ರಿ ಎದ್ದು ಹೋಗಲಾಗದವರು ಆಟೊ ಸ್ಟಾರ್ಟರ್ ಹಾಕಿಸುತ್ತಾರೆ, ನಾನೂ ಹಾಕಿಸಿದ್ದೆ. ಆಗ ನೀರು ಬೇಕಿರಲಿ ಬೇಡವಿರಲಿ, ಕರೆಂಟ್ ಬಂದ ಕೂಡಲೇ ಮೋಟಾರ್ ಓಡುತ್ತದೆ, ಬೆಳಗ್ಗೆ ಹೋಗಿ ನೋಡಿದರೆ ತಗ್ಗಿನ ಮಡಿಯಲ್ಲಿ ನೀರು ನಿಂತಿರುತ್ತದೆ. 380 ಅಡಿಯ ಮೊದಲ ಬಾವಿ ಆರು ವರ್ಷಕ್ಕೆ ಬತ್ತಿತು. ಎರಡನೆಯದನ್ನು 700 ಅಡಿಗೆ ಇಳಿಸಬೇಕಾಯಿತು, ಆ ಸಾಲ ತೀರಲು ನಾಲ್ಕು ಬೆಳೆಗಳು ಹಿಡಿದವು.

ಸೌರ ಪಂಪು ಇದಕ್ಕಿಂತ ಎಷ್ಟೋ ಮೇಲು. ರಾತ್ರಿ ಜಾಗರಣೆ ತಪ್ಪಿತು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ವಾರಗಟ್ಟಲೆ ಕಾಯುವುದು ತಪ್ಪಿತು, ಹಗಲಿನಲ್ಲಿ ಕಣ್ಣೆದುರೇ ನೀರು ಹಾಯಿಸುವುದರಿಂದ ಪೋಲೂ ಕಡಿಮೆಯಾಯಿತು. ಹಲಗೆಗಳ ಮೇಲಿನ ದೂಳನ್ನು ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಆದರೂ ಅದನ್ನು ನಾನು ಎರಡನೆಯ ಸ್ಥಾನದಲ್ಲಿಡಲು ಕಾರಣವಿದೆ. ಬಿಸಿಲಿಗೆ ಬೆಲೆಯಿಲ್ಲವೆಂದು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಪಂಪನ್ನು ಬಿಟ್ಟೇ ಇರುತ್ತೇವೆ, ಆದರೆ ಬಿಸಿಲಿರುವಷ್ಟು ನೀರು ಬಾವಿಯಲ್ಲಿರುವುದಿಲ್ಲ. 2023ರ ಆಗಸ್ಟಿನಲ್ಲಿ ಪಂಪು ನಲವತ್ತು ನಿಮಿಷ ಓಡಿ ತಾನೇ ನಿಲ್ಲುತ್ತಿತ್ತು. ಕಂಟ್ರೋಲರಿನ ಪರದೆಯ ಮೇಲೆ ಬಾವಿಯಲ್ಲಿ ನೀರಿಲ್ಲವೆಂಬ ಸೂಚನೆ ಬರುತ್ತಿತ್ತು, ಮತ್ತೆ ನೀರು ಊರಲು ಮೂರು ಗಂಟೆ ಕಾಯಬೇಕಿತ್ತು. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಿಂದ ಇಂಥ ಪಂಪುಗಳು ಹಳ್ಳಿಗಳಿಗೆ ಬರುತ್ತಿರುವುದು ಒಳ್ಳೆಯದೇ. ಆದರೆ ಅವು ಕೊಡುವುದು ಶಕ್ತಿಯನ್ನು ಮಾತ್ರ, ನೀರನ್ನಲ್ಲ ಎಂಬುದನ್ನು ಖರೀದಿಸುವ ಮೊದಲೇ ಅರಿತಿರಬೇಕು.

ಶಕ್ತಿಯ ಲೆಕ್ಕವನ್ನೂ ಇಲ್ಲೇ ಹೇಳುತ್ತೇನೆ. ಸಾವಿರ ಲೀಟರ್ ನೀರನ್ನು 700 ಅಡಿ ಆಳದಿಂದ ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿದರೆ, ಒಂದು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಅಷ್ಟೇ ನೀರನ್ನು ಹೊಂಡದಿಂದ ಎತ್ತಿ ಡ್ರಿಪ್ ಪೈಪಿಗೆ ತಳ್ಳಲು ಅದರ ಹತ್ತನೇ ಒಂದು ಪಾಲು ಸಾಕು. ನೀರನ್ನು ಪಾತಾಳಕ್ಕೆ ಇಳಿಯಗೊಟ್ಟು ಆಮೇಲೆ ಮೇಲೆತ್ತುವುದಕ್ಕಿಂತ, ಓಡಿಹೋಗುವ ಮಳೆನೀರನ್ನು ಹೊಲದಲ್ಲೇ ತಡೆದು ನಿಲ್ಲಿಸಿಕೊಂಡರೆ ವಿದ್ಯುತ್ತಿನ ಹೊರೆಯೂ ಇಳಿಯುತ್ತದೆ.

ನಮ್ಮ ಹೊಂಡ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ್ದು. ರಾಜ್ಯ ಸರ್ಕಾರದ 2014ರ ಕೃಷಿ ಭಾಗ್ಯ ಯೋಜನೆಯಲ್ಲಿ ಬಂದ ಅಳತೆಗಳಲ್ಲಿ ಒಂದು. ಬದಿಗಳು ಇಳಿಜಾರಾಗಿರುವುದರಿಂದ ತುಂಬಿದಾಗ ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಅದರತ್ತ ಇಳಿಯುವ ನಾಲ್ಕು ಎಕರೆಯ ಮೇಲೆ ಒಳ್ಳೆಯ ವರ್ಷದಲ್ಲಿ ಬಿದ್ದ ಮಳೆಯ ಎಂಟನೇ ಒಂದು ಪಾಲು ಹರಿದು ಬಂದರೂ ಹೊಂಡ ತುಂಬುತ್ತದೆ. ಬದುವೂ ಸೇರಿ ಒಂಬತ್ತು ಗುಂಟೆ ನೆಲ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ನನ್ನನ್ನು ನಿಜವಾಗಿ ಕಾಡಿದ ತೊಡಕಿನ ಮಾತು. ಅದು ಹೊದಿಕೆ. ಮಸಾರಿ ಮಣ್ಣು ನೀರನ್ನು ನಿಲ್ಲಿಸಿಕೊಳ್ಳುವುದಿಲ್ಲವಾದ್ದರಿಂದ 500 ಮೈಕ್ರಾನ್ ದಪ್ಪದ ಹಾಳೆ ಹಾಸಲೇಬೇಕಾಯಿತು. ಅಂಚುಗಳನ್ನು ಕಾಲುವೆಯಲ್ಲಿ ಹೂಳಿದ್ದೂ ಸೇರಿ 68 ಸಾವಿರ ರೂಪಾಯಿ ಖರ್ಚಾಯಿತು. ನೀರಿನೊಂದಿಗೆ ಮಣ್ಣೂ ಬರುತ್ತದೆಂದು ಮುಂದೆ ಹೂಳು ಗುಂಡಿ ತೋಡಿಸಿದ್ದೆ. ಆದರೆ 2022ರ ಅಬ್ಬರದ ಮಳೆಗೆ ಗುಂಡಿ ತುಂಬಿ, ಹೊಂಡದ ತಳದಲ್ಲೂ ಇಳಿಜಾರಿನಲ್ಲೂ ಕೆಸರು ಕೂತಿತು. 2023ರ ಏಪ್ರಿಲ್‌ನಲ್ಲಿ ನಾಲ್ವರು ಕೂಲಿಯವರನ್ನು ಕರೆದು ಹೂಳು ತೆಗೆಸಿದೆ. ಅವರು ತಂದದ್ದು ಕಬ್ಬಿಣದ ಸಲಿಕೆ, ಬೇಡವೆನ್ನಬೇಕೆಂದು ನನಗೆ ಹೊಳೆಯಲಿಲ್ಲ.

ಜುಲೈ ಕೊನೆಯ ಹೊತ್ತಿಗೆ ಹೊಂಡದಲ್ಲಿ ಏಳು ಅಡಿ ನೀರಿತ್ತು. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ನೀರಿನ ಮಟ್ಟ ನೋಡಲು ಅಂಚಿನಲ್ಲಿ ಗೀಟು ಹಾಕಿದ ಒಂದು ಗಳ ನಿಲ್ಲಿಸಿದ್ದೇನೆ. ಆ ಕಾಲದಲ್ಲಿ ಬಿಸಿಲಿಗೆ ಆರುವುದು ದಿನಕ್ಕೆ ಕಾಲು ಅಂಗುಲದೊಳಗೆ, ಆದರೆ ಗಳ ತೋರಿಸುತ್ತಿದ್ದುದು ಒಂದೂವರೆ ಅಂಗುಲ. ಮೊದಲ ನಾಲ್ಕು ದಿನ ಗಾಳಿಯ ಮೇಲೆ ತಪ್ಪು ಹೊರಿಸಿದೆ, ಆಮೇಲೆ ದಾರಿಹೋಕರ ದನಗಳ ಮೇಲೆ. ಹಾಳೆಯನ್ನು ಮಾರಿದವರಿಗೆ ಫೋನ್ ಮಾಡಿದರೆ, ಆಯುಧ ತಾಗಿದ ಹರುಕು ವಾರಂಟಿಗೆ ಬರುವುದಿಲ್ಲವೆಂದು ಬಂದು ನೋಡದೆಯೇ ಹೇಳಿದರು. ನೀರಿನೊಳಗಿನ ತೂತನ್ನು ಹುಡುಕುವ ಉಪಾಯ ನನಗೆ ತಿಳಿಯದೆ, ದಿನವೂ ಗಳ ನೋಡುತ್ತ, ದಿನವೂ ನೀರು ಇಳಿಯುವುದನ್ನು ಕಂಡು ಸಂಕಟಪಡುತ್ತ ತಿಂಗಳು ಕಳೆದೆ.

ಕೊನೆಗೆ ಕಂಡುಹಿಡಿದದ್ದು ಅವ್ವ. ಹಸುವಿಗೆ ನೀರು ತರಲು ಹೋದವಳು ಬಂದು, "ನೀರು ಮೂರು ದಿನದಿಂದ ಅಲ್ಲೇ ನಿಂತೈತೆ ಕಣಪ್ಪ, ತೂತು ಆ ಮಟ್ಟದಾಗೇ ಇರಬೇಕು" ಎಂದಳು. ಸೋರಿಕೆ ತೂತಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂಬ ಅಷ್ಟು ಸರಳ ಸಂಗತಿ! ನೀರಿನ ಅಂಚಿನ ಗುಂಟ ಮಂಡಿಯೂರಿ, ಹಾಳೆಯನ್ನು ಬೆರಳಿನಿಂದ ಸವರುತ್ತ ಹೋದೆ. ಮೂಡಣ ಬದಿಯಲ್ಲಿ, ತಳದಿಂದ ನಾಲ್ಕು ಅಡಿ ಮೇಲೆ, ಕಿರುಬೆರಳುದ್ದದ ನೇರವಾದ ಸೀಳು ಸಿಕ್ಕಿತು. ಅದರ ಅಂಚು ಸಲಿಕೆಯ ಬಾಯಿಯಂತೆಯೇ ಸ್ವಲ್ಪ ಬಾಗಿತ್ತು. ಒತ್ತಿದರೆ ಹಿಂದಿನ ಮಣ್ಣು ಹಸಿ ಹಿಟ್ಟಿನಂತೆ ಕುಸಿಯುತ್ತಿತ್ತು. ಅಷ್ಟು ಸಣ್ಣ ಸೀಳಿನಿಂದ ಹೋದದ್ದು ಮೂರು ಲಕ್ಷ ಲೀಟರ್, ಎರಡೂವರೆ ಎಕರೆಗೆ ಒಂದು ಸರದಿ ಸ್ಪ್ರಿಂಕ್ಲರ್ ಹಾಯಿಸುವಷ್ಟು ನೀರು.

ತೇಪೆಯೂ ಸುಲಭವಾಗಲಿಲ್ಲ. ಪೇಟೆಯ ಅಂಟು ಎರಡು ಬಾರಿ ಬಿಟ್ಟುಕೊಂಡಿತು. ಮೂರನೆಯ ಸಲ ಬಿಸಿಗಾಳಿಯ ಯಂತ್ರವಿದ್ದವರನ್ನು ಕರೆಸಿ, ಸುತ್ತಲಿನ ಒಂದು ಅಡಿಯನ್ನು ಒರೆಸಿ ಒಣಗಿಸಿ, ಅದೇ ಹಾಳೆಯ ತುಂಡನ್ನು ಬೆಸೆಸಿದ ಮೇಲೆ ನಿಂತಿತು. ಈಗ ಹೂಳು ತೆಗೆಯಲು ಪ್ಲಾಸ್ಟಿಕ್ ಮೊರ ಮಾತ್ರ ಬಳಸುತ್ತೇವೆ, ಹೊಂಡದೊಳಗೆ ಚಪ್ಪಲಿ ಹಾಕಿ ಇಳಿಯುವುದಿಲ್ಲ, ತಳದ ಕೊನೆಯ ನಾಲ್ಕು ಅಂಗುಲ ಕೆಸರನ್ನು ಮುಟ್ಟುವುದೇ ಇಲ್ಲ.

ಇಷ್ಟು ನಷ್ಟವಾದ ವರ್ಷದಲ್ಲೂ ಹೊಂಡವೇ ಕೈಹಿಡಿಯಿತು. ಉಳಿದಿದ್ದ ನೀರನ್ನು ಸೆಪ್ಟೆಂಬರಿನಲ್ಲಿ, ಶೇಂಗಾ ಹೂವು ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತಿಗೆ, ಎರಡೂವರೆ ಎಕರೆಗೆ ಒಂದೇ ಒಂದು ಸಲ ಕೊಟ್ಟೆ. ಅಲ್ಲಿ ಎಕರೆಗೆ ಆರು ಚೀಲ ಬಂತು. ನೀರು ಕಾಣದ ಒಂದೂವರೆ ಎಕರೆಯಲ್ಲಿ ಬಿತ್ತನೆ ಬೀಜದಷ್ಟೂ ಮರಳಲಿಲ್ಲ, ಹೊಟ್ಟು ಮಾತ್ರ ದನಗಳಿಗಾಯಿತು. ನಲವತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ಬಾವಿಯಿಂದ ಆ ವಾರದಲ್ಲಿ ಅಷ್ಟು ನೀರು ಎತ್ತುವುದು ಸಾಧ್ಯವೇ ಇರಲಿಲ್ಲ.

ಹೊಂಡ ನನ್ನ ಹೊಲಕ್ಕೆ ಮಾತ್ರ ಸೇರಿದ್ದಾಗಿ ಉಳಿದಿಲ್ಲ. ದೊಡ್ಡ ಉಳ್ಳಾರ್ತಿ, ಖುದಾಪುರದ ಕಡೆ ಅಮೃತಮಹಲ್ ಕಾವಲಿನ (ದನಗಳ ಮೇವಿಗೆಂದು ಹಿಂದಿನಿಂದ ಬಿಟ್ಟ ಹುಲ್ಲುಗಾವಲಿನ) ಸಾವಿರಾರು ಎಕರೆ ಸಂಸ್ಥೆಗಳ ಬೇಲಿಯೊಳಗೆ ಸೇರಿದ ಮೇಲೆ ಕುರಿಗಾಹಿಗಳಿಗೆ ಮೇವು, ನೀರು ಎರಡೂ ದುರ್ಲಭವಾಗಿವೆ. ಹೊಂಡದಿಂದ ಸಣ್ಣ ಪೈಪೆಳೆದು ಹೊರಗೆ ಒಂದು ತೊಟ್ಟಿ ಕಟ್ಟಿಸಿದೆ. ಕುರಿಗಳು ಅಲ್ಲಿ ನೀರು ಕುಡಿಯುತ್ತವೆ, ಕುಯಿಲು ಮುಗಿದ ಹೊಲದಲ್ಲಿ ಮೂರು ರಾತ್ರಿ ಮಂದೆ ತರುಬುತ್ತಾರೆ, ಗೊಬ್ಬರದ ಖರ್ಚು ಅಷ್ಟರಮಟ್ಟಿಗೆ ಇಳಿದಿದೆ. ಬದುವಿನ ಹೊಂಗೆ ಹೂ ಬಿಟ್ಟಾಗ ಜೇನು ಬರುತ್ತದೆ. ಹಾಳೆ ಜಾರುವುದರಿಂದ ಬಿದ್ದ ಪ್ರಾಣಿ ಮೇಲೆ ಬರಲಾರದು. ಆದ್ದರಿಂದ ಸುತ್ತ ಬೇಲಿಯೂ, ಒಳಗೆ ಗಂಟು ಹಾಕಿದ ಹಗ್ಗವೂ ಕಡ್ಡಾಯ. ಮನೆಯಲ್ಲಿ ಮಕ್ಕಳಿದ್ದರಂತೂ ಬೇಲಿಯಿಲ್ಲದೆ ಹೊಂಡ ತೋಡಿಸಲೇಬಾರದು.

ನಾಲ್ಕನೆಯ ದಾರಿಯೊಂದನ್ನು ಬಂಧುಗಳು ಸೂಚಿಸುತ್ತಲೇ ಇರುತ್ತಾರೆ: ಪಕ್ಕದ ಪಾವಗಡದಂತೆ ನೆಲವನ್ನೇ ಸೌರ ವಿದ್ಯುತ್ತಿಗೆ ಗುತ್ತಿಗೆ ಕೊಡುವುದು. ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಪಾರ್ಕು ಸುಮಾರು 13 ಸಾವಿರ ಎಕರೆಯಲ್ಲಿ ಹರಡಿದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಗುತ್ತಿಗೆ ಆರಂಭವಾಯಿತು. ಬರದ ವರ್ಷದ ಶೇಂಗಾ ಅಷ್ಟು ಕೊಡದೆಂಬುದು ನಿಜ. ಆದರೆ ನೆಲವಿಲ್ಲದ ಕೂಲಿಯವರಿಗೂ ಕುರಿಗಾಹಿಗಳಿಗೂ ಆ ಬಾಡಿಗೆಯಲ್ಲಿ ಪಾಲಿಲ್ಲ, ನನಗೆ ನವಣೆ ಬೆಳೆದು ಉಣ್ಣುವ ರೂಢಿ ಬಿಡಲಾಗದು.

ನನ್ನ ಆಯ್ಕೆ ಮೊದಲು ಹೊಂಡ ಮತ್ತು ಅದಕ್ಕೆ 2 ಎಚ್‌ಪಿಯ ಸಣ್ಣ ಸೌರ ಪಂಪು. ಆಮೇಲೆ ಬಾವಿಯ ಸೌರ ಪಂಪು. ಕರೆಂಟ್ ಮೋಟಾರ್ ಕುಡಿಯುವ ನೀರಿನ ಆಪತ್ತಿಗೆ ಮಾತ್ರ. ಇದು ದಿನವೂ ಬೆಳಗ್ಗೆ ಹೊಲಕ್ಕೆ ಹೋಗುವ, ಒಂದು ಬೆಳೆಯನ್ನು ಉಳಿಸಿಕೊಂಡರೆ ಸಾಕೆನ್ನುವ ಮನೆಯ ಲೆಕ್ಕ. ದಾಳಿಂಬೆ ಹಾಕಿದವರಿಗೆ ವರ್ಷವಿಡೀ ನೀರು ಬೇಕು, ಇಷ್ಟು ದೊಡ್ಡ ಹೊಂಡವೊಂದೇ ಅವರಿಗೆ ಸಾಲದು. ಪೇಟೆಯಲ್ಲಿದ್ದು ವಾರಕ್ಕೊಮ್ಮೆ ಬರುವವರಿಗೂ ನಾನು ಹೊಂಡವನ್ನು ಹೇಳುವುದಿಲ್ಲ, ಏಕೆಂದರೆ ಗಳದ ಗೀಟನ್ನು ಓದಲು ಯಾರಾದರೂ ಅಲ್ಲಿರಬೇಕು. ಆರುವ ನೀರನ್ನು ತಡೆಯಲು ಹೊಂಡದ ಮೇಲೆ ನೆರಳು ಬಲೆ ಕಟ್ಟುವುದು ಇನ್ನೂ ಬಾಕಿ ಇದೆ. ಮುಂದಿನ ಶೇಂಗಾ ಮಾರಿದ ಹಣದಲ್ಲಿ ಮೊದಲ ಖರ್ಚು ಅದಕ್ಕೆ.